ಲಾ ಹೋಯಾ ಕಡಲಿನಲ್ಲಿ ಮೊದಲ ಪಾಠ: ದೋಣಿ ಮಗುಚುವುದು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಕ್ಷಿಣದ ಅಂಚಿನಲ್ಲಿ, ಮೆಕ್ಸಿಕೊ ಗಡಿಗೆ ಹತ್ತಿರವಾಗಿ, ಸ್ಯಾನ್ ಡಿಯಾಗೊ ಎಂಬ ದೊಡ್ಡ ನಗರವಿದೆ. ಪೆಸಿಫಿಕ್ ಸಾಗರಕ್ಕೆ ಮುಖಮಾಡಿ ನಿಂತ ಅದರ ಒಂದು ಬಡಾವಣೆಯ ಹೆಸರು ಲಾ ಹೋಯಾ. ಬರೆಯುವಾಗ ಇರುವ ಅಕ್ಷರಗಳನ್ನು ನೋಡಿ ಹೊಸಬರು ‘ಲಾ ಜೊಲ್ಲಾ’ ಎನ್ನುವುದುಂಟು. ಸ್ಪ್ಯಾನಿಷ್ ರೀತಿಯಲ್ಲಿ ಅದನ್ನು ಹೋಯಾ ಎಂದೇ ಉಚ್ಚರಿಸಬೇಕು. ಪ್ರವಾಸಿಗರು ಇಲ್ಲಿಗೆ ಬರುವುದು ಬಂಡೆಗಳ ಮೇಲೆ ಮಲಗಿದ ಕಡಲಸಿಂಹಗಳನ್ನೂ ಅಲೆಗಳು ಕೊರೆದ ಏಳು ಗುಹೆಗಳನ್ನೂ ನೋಡಲು. ಆದರೆ ಅವರು ಹೋಟೆಲುಗಳಲ್ಲಿ ಇನ್ನೂ ನಿದ್ರಿಸುತ್ತಿರುವಾಗಲೇ ಇಲ್ಲಿನ ಲಾ ಹೋಯಾ ಶೋರ್ಸ್ ಎಂಬ ಮರಳ ದಂಡೆಯಲ್ಲಿ ಬೇರೊಂದು ಜಾತ್ರೆ ಸೇರಿರುತ್ತದೆ.

ಬೆಳಕು ಹರಿಯುವ ಮೊದಲೇ ‘ಅವೆನಿಡಾ ಡೆ ಲಾ ಪ್ಲಾಯಾ’, ಅಂದರೆ ಕಡಲತೀರದ ಬೀದಿ, ಎಂಬ ರಸ್ತೆಯ ತುದಿಗೆ ಕಾರುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಅವುಗಳ ನೆತ್ತಿಯ ಮೇಲೆ ಹನ್ನೆರಡು-ಹದಿನಾಲ್ಕು ಅಡಿ ಉದ್ದದ, ಹಳದಿ, ಕಿತ್ತಳೆ, ಹಸಿರು ಬಣ್ಣಗಳ ಕಿರಿದಾದ ದೋಣಿಗಳು. ಮಲ್ಪೆಯ ಬಂದರಿನಲ್ಲಿ ಕಾಣುವ ಬಲೆಗಳ ರಾಶಿ ಇಲ್ಲಿಲ್ಲ. ಡೀಸೆಲ್ ವಾಸನೆ ಇಲ್ಲ, ಎಂಜಿನ್ನಿನ ಸದ್ದೂ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ದೋಣಿ, ಒಂದು ಹುಟ್ಟು, ಎರಡು-ಮೂರು ಗಾಳದ ಕೋಲು. ವಕೀಲ, ಬಡಗಿ, ನಿವೃತ್ತ ಸೈನಿಕ, ಕಾಲೇಜು ವಿದ್ಯಾರ್ಥಿ ಹೀಗೆ ಎಲ್ಲ ಬಗೆಯ ಜನ ಅಲ್ಲಿರುತ್ತಾರೆ. ಇವರು ಕಯಾಕ್ ಏರಿ ಗಾಳ ಹಾಕುವವರು. ಈ ಹವ್ಯಾಸಕ್ಕೆ ಪ್ರಪಂಚದಲ್ಲೇ ಹೆಸರಾದ ತಾಣಗಳಲ್ಲಿ ಲಾ ಹೋಯಾ ಒಂದು.

ಬೇಟೆಗಾರನ ದೋಣಿ

ಕಯಾಕ್ ಹೊಸ ವಸ್ತುವೇನಲ್ಲ. ಉತ್ತರ ಧ್ರುವದ ಸುತ್ತಲಿನ ಹಿಮನಾಡುಗಳಲ್ಲಿ ವಾಸಿಸುವ ಇನ್ಯುಯಿಟ್ ಮತ್ತು ಅಲ್ಯೂಟ್ ಜನ ಸಾವಿರಾರು ವರ್ಷಗಳಿಂದ ಅದನ್ನು ಕಟ್ಟುತ್ತ ಬಂದಿದ್ದಾರೆ. ಕಡಲಲ್ಲಿ ತೇಲಿಬಂದ ಮರದ ತುಂಡು, ಇಲ್ಲವೇ ತಿಮಿಂಗಿಲದ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಹೊಲಿದರೆ ಕಯಾಕ್ ಸಿದ್ಧ. ಒಬ್ಬನೇ ಬೇಟೆಗಾರ ಅದರ ನಡುವಿನ ಕುಳಿಯೊಳಗೆ ಕಾಲು ಚಾಚಿ ಕೂತು, ಸದ್ದಿಲ್ಲದೆ ಸೀಲ್‌ಗಳ ಬಳಿ ಸಾಗುತ್ತಿದ್ದ.

ಇಂದು ಲಾ ಹೋಯಾದಲ್ಲಿ ಕಾಣುವುದು ಇದರ ದೂರದ ಮೊಮ್ಮಗು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಿಮ್ ನೀಮಿಯರ್ ಎಂಬಾತ ಒಳಗೆ ಕೂರುವ ಬದಲು ಮೇಲೆ ಕೂರುವ ಕಯಾಕನ್ನು ರೂಪಿಸಿದ. ಇಂಥ ದೋಣಿ ಒಂದು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ ಇದ್ದಂತೆ. ಒಳಗೆಲ್ಲ ಗಾಳಿ. ಕೂರುವ ಜಾಗದಲ್ಲಿ ತಳದವರೆಗೆ ಹಾಯುವ ಕೆಲವು ರಂಧ್ರಗಳಿರುತ್ತವೆ. ದೋಣಿಗೆ ತೂತೇ ಎಂದು ಅಚ್ಚರಿಪಡಬೇಕಾಗಿಲ್ಲ. ಕೂರುವ ಜಾಗ ಕಡಲಿನ ಮಟ್ಟಕ್ಕಿಂತ ತುಸು ಮೇಲಿರುವುದರಿಂದ, ಅಲೆ ತಂದು ಸುರಿದ ನೀರು ತನ್ನ ಭಾರದಿಂದಲೇ ಆ ರಂಧ್ರಗಳ ಮೂಲಕ ಇಳಿದುಹೋಗುತ್ತದೆ. ನೀರು ಮೊಗೆದು ಚೆಲ್ಲುವ ಕೆಲಸವೇ ಇಲ್ಲ. ಮಗುಚಿದರೂ ಈ ದೋಣಿ ಮುಳುಗದು. ಅದನ್ನು ತಿರುಗಿಸಿ ಮತ್ತೆ ಹತ್ತಬಹುದು. 1997ರಲ್ಲಿ ಇದೇ ಜಿಲ್ಲೆಯ ಓಷನ್‌ಸೈಡ್ ಊರಿನ ಹೋಬಿ ಕಂಪೆನಿ, ಪೆಂಗ್ವಿನ್ ಹಕ್ಕಿಯ ರೆಕ್ಕೆಯಂತೆ ನೀರೊಳಗೆ ಬೀಸುವ ಎರಡು ಹಲಗೆಗಳನ್ನು ಕಾಲಿನಿಂದ ತುಳಿದು ನಡೆಸುವ ಏರ್ಪಾಟನ್ನು ತಂದಿತು. ಕೈಗಳೆರಡೂ ಬಿಡುವಾದವು. ಗಾಳ ಹಾಕುವವರಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಕಣಿವೆಯ ಉಪಕಾರ

ಕ್ಯಾಲಿಫೋರ್ನಿಯಾದ ಉದ್ದನೆಯ ಕರಾವಳಿಯಲ್ಲಿ ಹೊಸಬರು ಈ ದಂಡೆಯನ್ನೇ ಏಕೆ ಹುಡುಕಿಕೊಂಡು ಬರುತ್ತಾರೆ? ಉತ್ತರ ನೀರಿನ ಅಡಿಯಲ್ಲಿದೆ. ದಡದಿಂದ ಕೆಲವೇ ನೂರು ಮೀಟರ್ ದೂರದಲ್ಲಿ ಕಡಲ ತಳ ಒಮ್ಮೆಗೇ ಕುಸಿದು ಆಳವಾದ ಕಮರಿಯೊಂದು ತೊಡಗುತ್ತದೆ. ಇದೇ ಲಾ ಹೋಯಾ ಕಣಿವೆ. ಉತ್ತರದಿಂದ ಬರುವ ಸ್ಕ್ರಿಪ್ಸ್ ಕಣಿವೆ ಮುಂದೆ ಇದನ್ನು ಸೇರಿಕೊಳ್ಳುತ್ತದೆ.

ದಡಕ್ಕೆ ಬರುವ ಅಲೆಯ ವೇಗ ನೀರಿನ ಆಳವನ್ನು ಅವಲಂಬಿಸಿರುತ್ತದೆ. ಆಳ ಹೆಚ್ಚಿದ್ದಲ್ಲಿ ವೇಗ ಹೆಚ್ಚು, ಆಳ ಕಡಿಮೆಯಿದ್ದಲ್ಲಿ ವೇಗ ಕಡಿಮೆ. ಹೀಗಾಗಿ ಒಂದೇ ಅಲೆಯ ಕಣಿವೆಯ ಮೇಲಿನ ಭಾಗ ಮುಂದೆ ಓಡುತ್ತದೆ, ಎರಡೂ ಪಕ್ಕದ ಭಾಗಗಳು ಹಿಂದೆ ಬೀಳುತ್ತವೆ. ಅಲೆಯ ಸಾಲು ಬಾಗುತ್ತದೆ. ಗಾಜಿನ ಮಸೂರದಲ್ಲಿ ಬೆಳಕು ಬಾಗುವಂತೆಯೇ ಇದೂ ವಕ್ರೀಭವನ. ಬಾಗಿದ ಅಲೆಯ ಶಕ್ತಿ ಕಣಿವೆಯ ತಲೆಯಿಂದ ಪಕ್ಕಗಳಿಗೆ ಚದುರುತ್ತದೆ. ಅದರ ಫಲವಾಗಿ ಕಣಿವೆಯ ನೇರಕ್ಕಿರುವ ದಂಡೆಯಲ್ಲಿ ಅಲೆ ಸಣ್ಣದು. ಉತ್ತರಕ್ಕೆ ಸ್ವಲ್ಪ ದೂರದ ಬ್ಲ್ಯಾಕ್ಸ್ ಬೀಚಿನಲ್ಲಿ ಅದೇ ದಿನ ಅಲೆ ಆಳೆತ್ತರ ಏಳಬಹುದು.

ಇದನ್ನು ಲೆಕ್ಕಹಾಕಿ ವಿವರಿಸಿದವರು ಪಕ್ಕದಲ್ಲೇ ಇದ್ದರು. ದಂಡೆಯ ಉತ್ತರ ತುದಿಯಲ್ಲಿ 1903ರಲ್ಲಿ ಹುಟ್ಟಿದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆ ಇದೆ. ಅಲ್ಲಿನ ವಾಲ್ಟರ್ ಮಂಕ್ 1947ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಈ ಅಲೆಗಳ ಬಾಗುವಿಕೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಯಾವ ದಿನ ದಡ ಸೇರಬಹುದೆಂದು ಅಲೆಗಳ ಮುನ್ಸೂಚನೆ ಕೊಡುವ ವಿಧಾನವನ್ನು ಅವರು ಮತ್ತು ಅವರ ಗುರು ಹ್ಯಾರಲ್ಡ್ ಸ್ವರ್ಡ್ರುಪ್ ರೂಪಿಸಿದ್ದರು. 2019ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಮಂಕ್ ತೀರಿಕೊಂಡರು. ದಂಡೆಯುದ್ದಕ್ಕೂ ಸಾಗುವ ಕಾಲುದಾರಿಗೆ ಈಗ ಅವರದೇ ಹೆಸರು. ಅದೇ ಸಂಸ್ಥೆಯ ಕಟ್ಟೆಯಿಂದ 1916ರಿಂದ ಪ್ರತಿದಿನ ಕಡಲ ನೀರಿನ ಉಷ್ಣತೆ ಅಳೆದು ಬರೆದಿಡುತ್ತಿದ್ದಾರೆ.

ಮೊದಲ ಪಾಠ

ಈ ಹವ್ಯಾಸ ಕಲಿಯಬೇಕೆಂದು ಬರುವ ಹುಡುಗ ಹುಡುಗಿಯರು ಮೊದಲ ದಿನವೇ ಗಾಳ ಹಿಡಿಯುವ ಆತುರದಲ್ಲಿರುತ್ತಾರೆ. ಅನುಭವಿಗಳು ಅದಕ್ಕೆ ಒಪ್ಪುವುದಿಲ್ಲ. ಅವರು ಹೇಳುವ ಮೊದಲ ಕೆಲಸ, ದೋಣಿಯನ್ನು ಬೇಕೆಂದೇ ಮಗುಚಿ ನೀರಿಗೆ ಬೀಳುವುದು! ಗಾಳಿಯಿಲ್ಲದ ಹೊತ್ತಿನಲ್ಲಿ, ಎದೆಮಟ್ಟದ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಇದನ್ನು ಮಾಡಬೇಕು.

ಬಿದ್ದವರು ಮೊದಲು ದೋಣಿಯನ್ನು ನೆಟ್ಟಗೆ ತಿರುಗಿಸಬೇಕು. ಬಳಿಕ ಅದರ ನಡುಭಾಗವನ್ನು ಹಿಡಿದು, ಕಾಲುಗಳನ್ನು ಹಿಂದಕ್ಕೆ ತೇಲಿಸಿ, ಜೋರಾಗಿ ಒದೆಯುತ್ತ ಹೊಟ್ಟೆಯ ಮೇಲೆ ದೋಣಿಗೆ ಜಾರಬೇಕು. ಹೊಟ್ಟೆ, ಆಮೇಲೆ ಸೊಂಟ, ಕೊನೆಗೆ ಕಾಲು ಎಂಬ ಈ ಕ್ರಮವನ್ನು ತಪ್ಪಿ ಮೊದಲೇ ಮೊಣಕಾಲೂರಲು ಹೋದರೆ ದೋಣಿ ಮತ್ತೆ ಮಗುಚುತ್ತದೆ. ಗುರುತ್ವ ಕೇಂದ್ರ ಮೇಲಕ್ಕೆ ಹೋದಷ್ಟೂ ಸ್ಥಿರತೆ ಕಡಿಮೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದು ಇಲ್ಲಿ ಮೂಗಿಗೆ ಉಪ್ಪುನೀರು ಹೊಕ್ಕು ಅರ್ಥವಾಗುತ್ತದೆ. ಹತ್ತು ಸಲ ಬಿದ್ದು ಹತ್ತು ಸಲ ಹತ್ತಿದವರಿಗೆ ಮಾತ್ರ ಮುಂದಿನ ಪಾಠ.

ತಾಯಿತಂದೆಯರಿಗೆ ಇದು ವಿಚಿತ್ರವೆನಿಸಬಹುದು. ಮಗುವನ್ನು ನೀರಿಗೆ ಬೀಳದಂತೆ ಕಾಯುವುದು ಅವರ ರೂಢಿ. ಆದರೆ ಕಡಲಿನಲ್ಲಿ ಅಪಾಯ ಬೀಳುವುದರಲ್ಲಿ ಅಷ್ಟಿಲ್ಲ, ಬಿದ್ದಮೇಲೆ ಏನು ಮಾಡಬೇಕೆಂದು ತಿಳಿಯದೆ ಗಾಬರಿಯಾಗುವುದರಲ್ಲಿದೆ. ಇಲ್ಲಿನ ನೀರು ನಮ್ಮ ಅರಬ್ಬೀ ಸಮುದ್ರದಂತೆ ಬೆಚ್ಚಗಿನದಲ್ಲ. ಚಳಿಗಾಲದಲ್ಲಿ 14 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಬೇಸಿಗೆಯಲ್ಲಿ 20ರ ಸುತ್ತಮುತ್ತ. ನೀರು ಗಾಳಿಗಿಂತ ಬಹುಪಾಲು ವೇಗವಾಗಿ ದೇಹದ ಶಾಖವನ್ನು ಕಸಿಯುತ್ತದೆ. ತಣ್ಣೀರಿನಲ್ಲಿ ಹೆಚ್ಚು ಹೊತ್ತು ಉಳಿದರೆ ಮೊದಲು ಬೆರಳುಗಳು ಮಾತು ಕೇಳುವುದಿಲ್ಲ, ಆಮೇಲೆ ತೋಳುಗಳು. ಆದ್ದರಿಂದ ಮೈಗೆ ಅಂಟುವ ರಬ್ಬರಿನ ಉಡುಪು, ಅದರ ಮೇಲೆ ಲೈಫ್ ಜಾಕೆಟ್, ಜಾಕೆಟ್ಟಿಗೆ ಕಟ್ಟಿದ ಸೀಟಿ. ಹದಿಮೂರು ವರ್ಷದೊಳಗಿನ ಮಕ್ಕಳು ಇಂಥ ಸಣ್ಣ ದೋಣಿಗಳಲ್ಲಿ ಜಾಕೆಟ್ ತೊಟ್ಟೇ ಇರಬೇಕೆಂಬುದು ಕ್ಯಾಲಿಫೋರ್ನಿಯಾದ ಕಾನೂನು. ದೊಡ್ಡವರ ಬಳಿ ಜಾಕೆಟ್ ಇದ್ದರೆ ಸಾಕೆನ್ನುತ್ತದೆ ಕಾನೂನು. ಆದರೆ ದೋಣಿಯಲ್ಲಿ ಕಟ್ಟಿಟ್ಟ ಜಾಕೆಟ್ ದೋಣಿಯನ್ನಷ್ಟೇ ತೇಲಿಸುತ್ತದೆ.

ದಡದ ಅಲೆ ದಾಟುವುದು ಎರಡನೆಯ ಪಾಠ. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಐದಾರು ದೊಡ್ಡವು ಮುಗಿದ ಮೇಲೆ ತುಸು ಬಿಡುವು. ಹೊಸಬರು ಹತ್ತು ನಿಮಿಷ ಸುಮ್ಮನೆ ನಿಂತು ಅದನ್ನು ಎಣಿಸಬೇಕು. ಬಿಡುವು ಸಿಕ್ಕಿದೊಡನೆ ಮೂತಿಯನ್ನು ನೇರ ಅಲೆಗೆ ಕೊಟ್ಟು ಬಿಡದೆ ಹುಟ್ಟು ಹಾಕಬೇಕು. ಅಡ್ಡ ತಿರುಗಿದರೆ ಅಲೆ ದೋಣಿಯನ್ನು ಉರುಳಿಸಿಬಿಡುತ್ತದೆ. ಅದಕ್ಕಾಗಿಯೇ ಕೋಲುಗಳನ್ನೆಲ್ಲ ದೋಣಿಯ ಹೊಟ್ಟೆಯೊಳಗೆ ಭದ್ರಪಡಿಸಿರುತ್ತಾರೆ. ಮರಳಿ ಬಂದಾಗ ದೋಣಿಗೂ ದಡಕ್ಕೂ ನಡುವೆ ಎಂದೂ ನಿಲ್ಲಬಾರದು. ಮೂವತ್ತು ಕಿಲೋ ತೂಕದ ದೋಣಿಯನ್ನು ಅಲೆ ಎತ್ತಿ ಮೊಣಕಾಲಿಗೆ ಬಡಿಯಲು ಕ್ಷಣ ಸಾಕು.

ನೀರಿನ ಮೇಲಿನ ಕಾಣದ ಗೆರೆ

ಅಲೆ ದಾಟಿದ ಮೇಲಾದರೂ ಗಾಳ ಇಳಿಸಬಹುದೇ? ಇಲ್ಲ. ದೋಣಿ ಇಳಿಸುವ ಈ ಜಾಗವೇ ಮಟ್ಲಹುಆಯ್ಲ್ ಎಂಬ ಕಡಲ ಅಭಯಧಾಮದೊಳಗಿದೆ. ಹೆಸರು ಇಲ್ಲಿನ ಮೂಲನಿವಾಸಿಗಳಾದ ಕುಮಿಯಾಯ್ ಜನರ ನುಡಿಯದು. ಇಲ್ಲಿ 1971ರಿಂದಲೂ ಕಡಲಜೀವಿಗಳಿಗೆ ರಕ್ಷಣೆ ಇತ್ತು. 2012ರ ಜನವರಿ 1ರಿಂದ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಮೀನಿರಲಿ, ಒಂದು ಚಿಪ್ಪನ್ನು ಎತ್ತುವುದಕ್ಕೂ ಅನುಮತಿಯಿಲ್ಲ. ಬೇಸಿಗೆಯಲ್ಲಿ ಮೊಣಕಾಲುದ್ದದ ನೀರಿನಲ್ಲೇ ನೂರಾರು ಚಿರತೆ ಶಾರ್ಕುಗಳು ಸೇರುತ್ತವೆ. ಹೆಚ್ಚಿನವು ಬಸುರಿ ಹೆಣ್ಣುಗಳು. ಮನುಷ್ಯರಿಗೆ ತೊಂದರೆ ಕೊಡದ ಸಾಧುಪ್ರಾಣಿಗಳು ಇವು.

ಅಭಯಧಾಮದ ಎಲ್ಲೆಗೆ ಬೇಲಿಯಿಲ್ಲ. ಅದು ನಕ್ಷೆಯ ಮೇಲಿನ ಅಕ್ಷಾಂಶ ರೇಖಾಂಶಗಳಲ್ಲಿ ಮಾತ್ರ ಇರುವ ಗೆರೆ. ಹೊಸಬರು ದಡದಿಂದ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಬರೀ ಹುಟ್ಟು ಹಾಕುತ್ತ ಸಾಗಬೇಕು. ಕಾಲಡಿಯಲ್ಲಿ ಮೀನಿನ ಹಿಂಡು ಮಿಂಚಿದರೂ ಕೈ ಕಟ್ಟಿಕೊಂಡಿರಬೇಕು. ಈ ನಿಯಮ ಬಂದಾಗ ಗಾಳದವರಲ್ಲಿ ಗೊಣಗಿದವರು ಬಹಳ. ಒಳ್ಳೆಯ ಜಾಗವೆಲ್ಲ ಕೈತಪ್ಪಿತೆಂಬುದು ಅವರ ದೂರು. ಒಳಗೆ ಬಲಿತು ಮೊಟ್ಟೆಯಿಟ್ಟ ಮೀನುಗಳ ಸಂತಾನ ಗೆರೆ ದಾಟಿ ಹೊರಗೂ ಬರುತ್ತದೆಂಬುದು ಧಾಮದ ಪರವಾಗಿರುವವರ ಮಾತು. ಚರ್ಚೆ ಏನೇ ಇರಲಿ, ಯಾರೂ ಕಾಣದ ಕಡಲಿನಲ್ಲಿ ಕಾಣದ ಗೆರೆಯನ್ನು ಗೌರವಿಸುವ ಅಭ್ಯಾಸ ಎಳೆಯರಿಗೆ ಇಲ್ಲಿ ಮೊದಲ ದಿನದಿಂದಲೇ ಆಗುತ್ತದೆ.

ಬಂಗುಡೆಯಿಂದ ಆರಂಭ

ಗೆರೆ ದಾಟಿದ ಮೇಲೆ ಕೆಲಸ ಆರಂಭ. ಮೊದಲು ಎರೆ ಹಿಡಿಯಬೇಕು. ಸಣ್ಣ ಸಣ್ಣ ಕೊಕ್ಕೆಗಳ ಸಾಲನ್ನು ನೀರಿಗಿಳಿಸಿ ಕುಣಿಸಿದರೆ, ನಮ್ಮ ಕರಾವಳಿಯ ಬಂಗುಡೆಯ ಬಂಧುವಾದ ಪೆಸಿಫಿಕ್ ಬಂಗುಡೆ ಸಿಗುತ್ತದೆ. ಕಯಾಕಿನ ಹಿಂಭಾಗದ ಪುಟ್ಟ ತೊಟ್ಟಿಯಲ್ಲಿ, ಬ್ಯಾಟರಿಯ ಪಂಪು ಹೊಸ ನೀರು ತುಂಬುತ್ತಿರುವಾಗ, ಅವು ಜೀವಂತವಾಗಿರುತ್ತವೆ. ಅವುಗಳಲ್ಲೊಂದನ್ನು ಕೊಕ್ಕೆಗೆ ಸಿಕ್ಕಿಸಿ, ಕೆಲ್ಪ್ ಕಾಡಿನ ಅಂಚಿನಲ್ಲಿ ಮೆಲ್ಲಗೆ ಎಳೆಯುತ್ತ ಸಾಗುತ್ತಾರೆ.

ಕೆಲ್ಪ್ ಎಂದರೆ ಕಡಲಕಳೆ. ಆದರೆ ಇದು ಸಾಧಾರಣ ಕಳೆಯಲ್ಲ. ತಳದ ಬಂಡೆಯನ್ನು ಹಿಡಿದುಕೊಂಡು, ಎಲೆಗಳ ಬುಡದಲ್ಲಿ ಗಾಳಿ ತುಂಬಿದ ಗುಳ್ಳೆಗಳ ನೆರವಿನಿಂದ ನೆಟ್ಟಗೆ ಮೇಲೇರಿ, ನೀರಿನ ಮೇಲೆ ಚಪ್ಪರದಂತೆ ಹರಡುತ್ತದೆ. ಅನುಕೂಲವಿದ್ದರೆ ದಿನಕ್ಕೆ 60 ಸೆಂಟಿಮೀಟರ್ ಬೆಳೆಯಬಲ್ಲದು. ಅದಕ್ಕೆ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಬೇಕು. 2014ರಿಂದ 2016ರವರೆಗೆ ಪೆಸಿಫಿಕ್ ಅಸಹಜವಾಗಿ ಬಿಸಿಯಾದಾಗ ಈ ಕಾಡುಗಳು ಬಹಳ ಸೊರಗಿದವು. ಕೆಲ್ಪಿನ ನೆರಳಲ್ಲಿ ಕೆಲ್ಪ್ ಬಾಸ್, ಅಂಚಿನಲ್ಲಿ ಯೆಲ್ಲೋಟೇಲ್ ಎಂಬ ಹಳದಿ ಬಾಲದ ಬಲಶಾಲಿ ಮೀನು, ಮರಳ ತಳದಲ್ಲಿ ನಂಗು ಮೀನಿನಂತೆ ಚಪ್ಪಟೆಯಾದ ಹಾಲಿಬಟ್. ಕಣಿವೆಯ ಬಾಯಲ್ಲಿ ಸ್ಕ್ವಿಡ್‌ಗಳು ಮೊಟ್ಟೆಯಿಡಲು ಸೇರಿದಾಗ ವೈಟ್ ಸೀಬಾಸ್ ಅವನ್ನು ಹಿಂಬಾಲಿಸಿ ಬರುತ್ತದೆ.

ಯೆಲ್ಲೋಟೇಲ್ ಕಚ್ಚಿತೆಂದರೆ ಮೀನು ದೋಣಿಗೆ ಬರುವುದಿಲ್ಲ, ದೋಣಿಯೇ ಮೀನಿನ ಹಿಂದೆ ಹೊರಡುತ್ತದೆ! ಇಲ್ಲಿ ಕೋಲನ್ನು ಮೂತಿಯ ಕಡೆಗೇ ಹಿಡಿದಿರಬೇಕು. ಎಳೆತ ಮುಂದಿನಿಂದ ಬಂದರೆ ದೋಣಿ ನೇರ ಓಡುತ್ತದೆ. ಅದೇ ಬಲ ಪಕ್ಕದಿಂದ ಬಂದರೆ ದೋಣಿಯನ್ನು ಉರುಳಿಸಲು ನೋಡುತ್ತದೆ. ದೋಣಿಯನ್ನು ಎಳೆಯುತ್ತ ಎಳೆಯುತ್ತ ಮೀನು ದಣಿಯುತ್ತದೆ. ಹಿಡಿದದ್ದೆಲ್ಲ ಮನೆಗೆ ಬರುವುದಿಲ್ಲ. ಹಾಲಿಬಟ್ 22 ಅಂಗುಲಕ್ಕಿಂತ, ಕೆಲ್ಪ್ ಬಾಸ್ 14 ಅಂಗುಲಕ್ಕಿಂತ ಚಿಕ್ಕದಿದ್ದರೆ ಬಿಟ್ಟುಬಿಡಬೇಕು. ಅದಕ್ಕಾಗಿ ಅಳತೆಪಟ್ಟಿ ಎಲ್ಲರ ದೋಣಿಯಲ್ಲೂ ಇರುತ್ತದೆ.

ದೈತ್ಯನಿಗೆ ಮರುದಾರಿ

ಒಮ್ಮೊಮ್ಮೆ ಗಾಳಕ್ಕೆ ದೈತ್ಯ ಸೀಬಾಸ್ ಬೀಳುವುದುಂಟು. ಎರಡು ಮೀಟರ್ ಉದ್ದ ಬೆಳೆಯುವ, ಎಪ್ಪತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲ ಮೀನಿದು. 1968ರಲ್ಲಿ ಕ್ಯಾಲಿಫೋರ್ನಿಯಾದ ಅನಕಾಪಾ ದ್ವೀಪದ ಬಳಿ ಗಾಳಕ್ಕೆ ಸಿಕ್ಕ ಒಂದರ ತೂಕ 563 ಪೌಂಡು, ಅಂದರೆ ಸುಮಾರು 255 ಕಿಲೋ. ನಿಧಾನವಾಗಿ ಬೆಳೆದು ತಡವಾಗಿ ಮೊಟ್ಟೆಯಿಡುವ ಈ ಮೀನನ್ನು ಬಲೆಯವರೂ ಗಾಳದವರೂ ಸೇರಿ ಬಹುತೇಕ ಮುಗಿಸಿಬಿಟ್ಟಿದ್ದರು. 1981ರಲ್ಲಿ ರಾಜ್ಯ ಅದರ ಬೇಟೆಯನ್ನು ನಿಷೇಧಿಸಿತು. 1990ರಲ್ಲಿ ಮತದಾರರೇ ದಡದ ಬಳಿ ಕಿವಿರುಬಲೆ ಹಾಕುವುದರ ವಿರುದ್ಧ ತೀರ್ಪಿತ್ತರು, 1994ರಿಂದ ಅದು ಜಾರಿಯಾಯಿತು. ಈಗ ದೈತ್ಯ ಮೀನು ಮೆಲ್ಲಗೆ ಮರಳುತ್ತಿದೆ.

ಅದು ಗಾಳಕ್ಕೆ ಬಿದ್ದರೆ ತಕ್ಷಣ ಬಿಡಬೇಕು. ಆದರೆ ಕೊಕ್ಕೆ ಬಿಡಿಸಿದ ಮಾತ್ರಕ್ಕೆ ಮೀನು ಬದುಕಿತೆಂದಲ್ಲ. ಕಡಲಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ವಾಯುಭಾರದಷ್ಟು ಹೆಚ್ಚುತ್ತದೆ. 30 ಮೀಟರ್ ಆಳದಲ್ಲಿ ಅದು ಮೇಲಿನ ನಾಲ್ಕರಷ್ಟು. ಅಲ್ಲಿಂದ ಬೇಗ ಮೇಲೆಳೆದ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ, ಬಾಯ್ಲನ ನಿಯಮದಂತೆ, ನಾಲ್ಕು ಪಟ್ಟು ಹಿಗ್ಗಲು ನೋಡುತ್ತದೆ. ಮೀನು ಬಲೂನಿನಂತೆ ತೇಲುತ್ತ, ಕೆಳಗಿಳಿಯಲಾರದೆ ಸಾಯುತ್ತದೆ. ತಿಳಿದವರು ಅದರ ತುಟಿಗೆ ಭಾರ ಕಟ್ಟಿದ ಚಿಮಟವೊಂದನ್ನು ಸಿಕ್ಕಿಸಿ ದಾರದಿಂದ ಮತ್ತೆ ಆಳಕ್ಕೆ ಇಳಿಸುತ್ತಾರೆ. ಒತ್ತಡ ಹೆಚ್ಚಿದಂತೆ ಚೀಲ ಕುಗ್ಗುತ್ತದೆ, ಚಿಮಟ ಬಿಚ್ಚಿಕೊಳ್ಳುತ್ತದೆ, ಮೀನು ಈಜಿಹೋಗುತ್ತದೆ. ಒಂಬತ್ತನೆಯ, ಹತ್ತನೆಯ ತರಗತಿಯ ಭೌತಶಾಸ್ತ್ರ ಒಂದು ಜೀವ ಉಳಿಸುವುದು ಹೀಗೆ.

ಜೊತೆಗಾರರು ಸಿಗುವ ಬಗೆ

ಇದನ್ನೆಲ್ಲ ಕಲಿಸುವವರು ಯಾರು? ಬಾಡಿಗೆಗೆ ಕಯಾಕ್ ಕೊಡುವ ಅಂಗಡಿಗಳವರು ಹೊಸಬರಿಗೆ ತರಗತಿ ನಡೆಸುತ್ತಾರೆ. ಈ ದಂಡೆಯಿಂದಲೇ ಹೊಸಬರನ್ನು ಕರೆದೊಯ್ದು ಹೆಸರಾದ ಜಿಮ್ ಸ್ಯಾಮನ್ಸ್‌ನಂಥ ಮಾರ್ಗದರ್ಶಕರಿದ್ದಾರೆ. ಆದರೆ ಹೆಚ್ಚಿನ ಕಲಿಕೆ ನಡೆಯುವುದು ಮರಳಿನ ಮೇಲೆ, ಪುಕ್ಕಟೆಯಾಗಿ. ಮಧ್ಯಾಹ್ನದ ಹೊತ್ತಿಗೆ ದಣಿದು ದಡ ಮುಟ್ಟಿದವರ ದೋಣಿಗೆ ಒಂದು ಕೈ ಕೊಟ್ಟು ಮೇಲೆಳೆದರೆ ಪರಿಚಯವಾಯಿತೆಂದೇ ಅರ್ಥ. ಆಗ ಎಷ್ಟು ಹೊತ್ತಿಗೆ ಗಾಳಿ ಎದ್ದಿತು, ನೀರು ಎಷ್ಟು ತಣ್ಣಗಿತ್ತು, ಯಾವ ಎರೆಗೆ ಮೀನು ಬಂತು ಎಂಬ ಮಾತು ತಾನಾಗಿ ಹೊರಡುತ್ತದೆ. ಮೀನು ಸಿಕ್ಕ ನಿಖರವಾದ ಜಾಗವನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಪ್ರಪಂಚದ ಎಲ್ಲ ಗಾಳದವರಂತೆ ಇವರೂ!

ಎರಡು-ಮೂರು ಸಲ ಹೀಗೆ ಕಂಡ ಮುಖಕ್ಕೆ ಯಾರಾದರೂ ‘ಶನಿವಾರ ನಮ್ಮ ಜೊತೆ ಬಾ’ ಎನ್ನುತ್ತಾರೆ. ಜೊತೆ ಹೋಗುವುದಕ್ಕೆ ಕಟ್ಟುಪಾಡುಗಳಿವೆ. ಒಬ್ಬರ ಕಣ್ಣಳತೆಯಲ್ಲಿ ಇನ್ನೊಬ್ಬರು ಇರಬೇಕು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಗಂಟೆಗೆ ಮರಳುತ್ತೇವೆ ಎಂದು ದಡದಲ್ಲಿರುವ ಒಬ್ಬರಿಗೆ ಹೇಳಿರಬೇಕು. ಮೇ, ಜೂನ್ ತಿಂಗಳುಗಳಲ್ಲಿ ಇಲ್ಲಿನ ಬೆಳಗು ಮೋಡ ಮುಸುಕಿರುತ್ತದೆ. ಕೆಲವು ದಿನ ಮಂಜು ಕವಿದು ದಡವೇ ಕಾಣದು. ಅಂಥ ದಿನಗಳಿಗೆ ದಿಕ್ಸೂಚಿ ಮತ್ತು ಕೈ ರೇಡಿಯೋ ಬೇಕು. ರೇಡಿಯೋದ 16ನೆಯ ಚಾನೆಲ್ ಆಪತ್ತಿನ ಕರೆಗಾಗಿ ಮೀಸಲು. ಸಂಗಾತಿಯ ದೋಣಿ ಮಗುಚಿದರೆ ಕಚ್ಚಿದ ಮೀನಿನ ದಾರವನ್ನು ಕತ್ತರಿಸಿ ಓಡಬೇಕು. ಅದು ಎಷ್ಟು ದೊಡ್ಡ ಮೀನಾದರೂ ಸರಿ. ಇದನ್ನು ಪಾಲಿಸದವನಿಗೆ ಮುಂದಿನ ಶನಿವಾರ ಕರೆ ಬರುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಹದಿನಾರು ತುಂಬಿದವರಿಗೆ ಗಾಳ ಹಾಕಲು ಪರವಾನಗಿ ಬೇಕು. ವರ್ಷದಲ್ಲಿ ಎರಡು ದಿನ ಮಾತ್ರ ಯಾರು ಬೇಕಾದರೂ ಪರವಾನಗಿಯಿಲ್ಲದೆ ಹಿಡಿಯಬಹುದು. ಕಡಲೊಳಗೆ ಚಾಚಿದ ಸಾರ್ವಜನಿಕ ಕಟ್ಟೆಗಳ ಮೇಲಾದರೆ ವರ್ಷವಿಡೀ ಪರವಾನಗಿ ಬೇಡ. ಹೀಗಾಗಿ ಹಲವು ಮಕ್ಕಳು ತಾತನ ಜೊತೆ ಕಟ್ಟೆಯ ಮೇಲೆ ಕೂತು ಗಂಟು ಹಾಕುವುದನ್ನೂ ಕಾಯುವುದನ್ನೂ ಕಲಿತು, ಆಮೇಲೆ ಕಯಾಕ್ ಏರುತ್ತಾರೆ.

ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ, ಸೀತಾ ನದಿಯ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಈಗ ನಮ್ಮ ಮಕ್ಕಳೂ ಕಯಾಕ್ ನಡೆಸುತ್ತಿದ್ದಾರೆ. ಪಾತಿ ದೋಣಿಯಲ್ಲಿ ಒಬ್ಬರೇ ಕೂತು ಗಾಳ ಹಾಕುವವರು ನಮ್ಮ ಅಳಿವೆಗಳಿಗೂ ಹೊಸಬರಲ್ಲ. ಅಲ್ಲಿಗೆ ಮಗನನ್ನೋ ಮಗಳನ್ನೋ ಕರೆದೊಯ್ಯುವ ತಂದೆತಾಯಿ, ದೋಣಿ ನಡೆಸುವವರನ್ನು ಎಷ್ಟು ದೂರ ಕರೆದೊಯ್ಯುತ್ತೀರಿ ಎಂದು ವಿಚಾರಿಸುವ ಮೊದಲು ಒಂದು ಮಾತು ಕೇಳಬೇಕು: ‘ಮಗುಚಿದರೆ ಮತ್ತೆ ಹತ್ತುವುದನ್ನು ಮೊದಲು ಕಲಿಸುತ್ತೀರಾ?’